ಆ ಒಂದೂವರೆ ನಿಮಿಷ ಎಲ್ಲಿ ಹೋಯಿತು?

ಬ್ರಹ್ಮಾವರದ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯ ಗುಡ್ಡಗಾಡು ಓಟದ (ಕ್ರಾಸ್ ಕಂಟ್ರಿ) ವರದಿಯಲ್ಲಿ ನನ್ನ ಮಗಳದ್ದು ಈ ಸಲದ ಒಳ್ಳೆಯ ಓಟಗಳಲ್ಲಿ ಒಂದು ಎಂದು ಬರೆದಿದ್ದೀರಿ. ಅಪ್ಪನಾಗಿ ಖುಷಿಯಾಯಿತು, ಆದರೆ ಲೆಕ್ಕ ತಾಳೆಯಾಗುತ್ತಿಲ್ಲ. ಹೋದ ವರ್ಷ 6 ಕಿ.ಮೀ.ಗೆ 25 ನಿಮಿಷ 10 ಸೆಕೆಂಡು, 9ನೇ ಸ್ಥಾನ. ಈ ವರ್ಷ 26 ನಿಮಿಷ 40 ಸೆಕೆಂಡು, 14ನೇ ಸ್ಥಾನ. ಗುರಿಯ ಹತ್ತಿರ ನಾನೇ ವಾಚು ಹಿಡಿದು ನಿಂತಿದ್ದೆ. ಇದರಲ್ಲಿ ಒಳ್ಳೆಯದು ಎಲ್ಲಿದೆ? ವರದಿಯಲ್ಲಿ ಯಾರ ಸಮಯವನ್ನೂ ಹಾಕಿಲ್ಲ ಯಾಕೆ? ಎರಡೂ ವರ್ಷದ ಫಲಿತಾಂಶದ ಹಾಳೆ ಇಟ್ಟಿದ್ದೇನೆ. ಅವಳಿಗೊಂದು ಜಿಪಿಎಸ್ ವಾಚು ಕೊಡಿಸಿದರೆ ಆದೀತೇ? — ನಿವೃತ್ತ ಬ್ಯಾಂಕ್ ನೌಕರ."

ಸಂಪಾದಕರ ಉತ್ತರ:

ಬ್ಯಾಂಕುಗಳ ತವರಾದ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬ್ಯಾಂಕಿನವರ ಲೆಕ್ಕಕ್ಕೆ ಎದುರು ಮಾತಾಡುವುದು ಸುಲಭವಲ್ಲ. ಆದರೂ ನೀವೇ ಕಳಿಸಿದ ಹಾಳೆ ಹಿಡಿದುಕೊಂಡು ಮಾತಾಡುತ್ತೇನೆ.

ಮೊದಲು ಐದು ಹೆಸರು ಹುಡುಕಿದೆ. ಎರಡೂ ವರ್ಷ ಓಡಿದವರು ನಿಮ್ಮ ಮಗಳಲ್ಲದೆ ಐದೇ ಹುಡುಗಿಯರು. ಹೋದ ವರ್ಷಕ್ಕಿಂತ ಈ ವರ್ಷ ಅವರು ಹೆಚ್ಚು ತೆಗೆದುಕೊಂಡ ಸಮಯ ಹೀಗಿದೆ: ಒಬ್ಬಳು 2 ನಿಮಿಷ 5 ಸೆಕೆಂಡು, ಉಳಿದವರು 2:20, 2:31, 2:48, 4:10. ಕೊನೆಯವಳು ಕಾಲು ಉಳುಕಿಸಿಕೊಂಡು ಕುಂಟುತ್ತ ಬಂದದ್ದನ್ನು ನಮ್ಮ ವರದಿಗಾರ ನೋಡಿದ್ದಾನೆ. ಅದಕ್ಕೇ ಸರಾಸರಿ ತೆಗೆಯದೆ ನಡುವಿನ ಸಂಖ್ಯೆ ಹಿಡಿಯೋಣ, 2:31. ಅಂದರೆ ಈ ವರ್ಷದ ಗುಡ್ಡ ಒಬ್ಬೊಬ್ಬರಿಂದ ಸುಮಾರು ಎರಡೂವರೆ ನಿಮಿಷ ವಸೂಲಿ ಮಾಡಿದೆ. ನಿಮ್ಮ ಮಗಳು ಕೊಟ್ಟದ್ದು ಒಂದೂವರೆ ನಿಮಿಷ ಮಾತ್ರ. ಉಳಿದ ಒಂದು ನಿಮಿಷ ಅವಳ ಖಾತೆಗೆ ಜಮೆ.

ಐದು ಜನರ ಲೆಕ್ಕ ಅಂದಾಜೇ, ಬ್ಯಾಲೆನ್ಸ್ ಶೀಟ್ ಅಲ್ಲ, ಗೊತ್ತಿದೆ. ಆ ಐವರೂ ವರ್ಷವಿಡೀ ಸುಮ್ಮನೆ ಕೂತಿರಲಾರರು ತಾನೇ? ಅವರೂ ಸುಧಾರಿಸಿದ್ದರೆ ದಾರಿಯ ವಸೂಲಿ ಎರಡೂವರೆ ನಿಮಿಷಕ್ಕಿಂತಲೂ ಜಾಸ್ತಿ, ಆಗ ನಿಮ್ಮ ಮಗಳ ಜಮೆಯೂ ಜಾಸ್ತಿ.

ದಾರಿ ಎಂತದು ಎಂದು ನೀವು ನೋಡಿಲ್ಲ, ಗುರಿಯ ಹತ್ತಿರ ವಾಚು ಹಿಡಿದು ನಿಂತಿದ್ದೆ ಎಂದು ಬರೆದಿದ್ದೀರಿ. ಹೋದ ವರ್ಷದ್ದು ಮಲ್ಪೆ ಕಡೆಯ ಸಮತಟ್ಟು ಜಾಗ. ಈ ಸಲ ಕೊಣಾಜೆ ಕಡೆಯ ಗುಡ್ಡೆಯಲ್ಲಿ 2 ಕಿ.ಮೀ.ನ ಮೂರು ಸುತ್ತು. ರಾತ್ರಿಯಿಡೀ ಮಳೆ, ಬೆಳಿಗ್ಗೆ ಬಿಸಿಲು. ಮಳೆ ಬಿಟ್ಟ ಕೂಡಲೇ ಏರುವ ನಮ್ಮ ಸೆಕೆ ನಿಮಗೆ ಹೇಳಬೇಕಾಗಿಲ್ಲ; ಮೈಮೇಲಿನ ಬೆವರು ಆರುವುದೇ ಇಲ್ಲ, ಆರದ ಬೆವರಿನಿಂದ ಮೈ ತಣಿಯುವುದೂ ಇಲ್ಲ. ಗೇರು ತೋಟದ ಹಿಂದೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಒಂದು ಇಳಿಜಾರಿದೆ, ಪಾಚಿ ಹಿಡಿದು ಜಾರುತ್ತಿತ್ತು. ಅಲ್ಲಿ ಹೆಚ್ಚಿನವರು ಗೇರಿನ ಗೆಲ್ಲು (ಕೊಂಬೆ) ಹಿಡಿದುಕೊಂಡು ಅಡ್ಡಡ್ಡ ಇಳಿಯುತ್ತಿದ್ದರಂತೆ. ನಿಮ್ಮ ಮಗಳು ಎರಡು ಕೈಯನ್ನೂ ಅಗಲಿಸಿ, ತುಂಡು ತುಂಡು ಹೆಜ್ಜೆ ಇಟ್ಟುಕೊಂಡು ಗೆಲ್ಲು ಮುಟ್ಟದೆ ಇಳಿದಳು. ಎರಡನೇ ಸುತ್ತಿನಲ್ಲಿ ಆ ಒಂದೇ ಇಳಿಜಾರಿನಲ್ಲಿ ನಾಲ್ವರನ್ನು ಹಿಂದೆ ಹಾಕಿದಳು ಎಂದು ವರದಿಗಾರನ ಟಿಪ್ಪಣಿ ಪುಸ್ತಕದಲ್ಲಿದೆ. ಇದನ್ನು ಯಾವ ಸ್ಟಾಪ್‌ವಾಚು ತೋರಿಸೀತು?

ಸಮಯ ಯಾಕೆ ಹಾಕಿಲ್ಲ ಎಂದು ಕೇಳಿದ್ದೀರಿ. 400 ಮೀಟರಿನ ಟ್ರ್ಯಾಕು ಮಂಗಳಾ ಸ್ಟೇಡಿಯಂನಲ್ಲಾದರೂ ಟೋಕಿಯೊದಲ್ಲಾದರೂ 400 ಮೀಟರೇ. ರಸ್ತೆ ಓಟದ ದಾರಿಯನ್ನೂ ಅಳತೆಗೆಂದೇ ಪರೀಕ್ಷಿಸಿ ಹೊಂದಿಸಿದ ಸೈಕಲ್ಲಿನಲ್ಲಿ ಅಳೆಯುತ್ತಾರೆ, ಕಡಿಮೆಯಾಗದಿರಲಿ ಎಂದು ಕಿಲೋಮೀಟರಿಗೆ 1 ಮೀಟರ್ ಸೇರಿಸಿಯೇ ಅಳೆಯುತ್ತಾರೆ. ಗುಡ್ಡಗಾಡು ಓಟಕ್ಕೆ ಇಂಥ ಕಟ್ಟುಪಾಡಿಲ್ಲ, ಅದಕ್ಕೇ ಅದರಲ್ಲಿ ವಿಶ್ವದಾಖಲೆ ಎಂಬುದೂ ಇಲ್ಲ. 2019ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಓಟಗಾರರು ವಸ್ತುಸಂಗ್ರಹಾಲಯವೊಂದರ ಇಳಿಜಾರು ಮಾಡು, ಅಂದರೆ ಚಾವಣಿ, ಹತ್ತಿ ಓಡಿದರು. ಹುಲ್ಲು ಬೆಳೆಸಿದ ಆ ಮಾಡಿನ ಸಮಯವನ್ನು ಯಾವುದರ ಜೊತೆ ಹೋಲಿಸುವುದು?

ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷದ ಹಿಂದೆ ಇದೇ ಪತ್ರಿಕೆಯಲ್ಲಿ ಗುಡ್ಡಗಾಡು ಓಟವೊಂದಕ್ಕೆ ‘ಕೂಟ ದಾಖಲೆ’ ಎಂದು ದಪ್ಪಕ್ಷರದ ತಲೆಬರಹ ಕೊಟ್ಟಿದ್ದೆ. ತಿರುವಿನಲ್ಲಿ ಬಾವುಟ ಹಿಡಿದು ನಿಂತ ಹುಡುಗ ಬಿಸಿಲು ತಾಳದೆ ಇನ್ನೊಂದು ತೆಂಗಿನ ಮರದ ನೆರಳಿಗೆ ಸರಿದಿದ್ದ, ಅಷ್ಟೇ. ಓಟದ ದಾರಿಯೂ ಅವನ ಜೊತೆ ಸರಿದು ಗಿಡ್ಡವಾಗಿತ್ತು.

ಈ ಜಾತಿಯ ಲೆಕ್ಕ ನಮ್ಮೂರಿಗೆ ಹೊಸದಲ್ಲ. 2020ರ ಫೆಬ್ರವರಿ ನೆನಪಿದೆಯೇ? ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿದರು, 100 ಮೀಟರಿಗೆ 9.55 ಬಂತು, ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58 ಮುರಿಯಿತೆಂದು ದೇಶವೆಲ್ಲ ಕುಣಿಯಿತು. ತ್ರೈರಾಶಿ ಸರಿಯಾಗಿಯೇ ಇತ್ತು ಮಾರಾಯ್ರೇ. ಮುಂದಿದ್ದ ಎರಡು ಕೋಣಗಳು ಮಾತ್ರ ಲೆಕ್ಕದಲ್ಲಿ ಬಿಟ್ಟುಹೋಗಿದ್ದವು. ಕಂಬಳ ನೋಡಿ ಬೆಳೆದವರಿಗೆ ಇದು ಗೊತ್ತು, ಕರೆಯ ಉದ್ದ ಒಂದೊಂದು ಕಡೆ ಒಂದೊಂದು. ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆಯಲ್ಲಂತೂ ಸಮಯದ ಸುದ್ದಿಯೇ ಇಲ್ಲ, ನೀರು ಮೇಲೆ ಕಟ್ಟಿದ ನಿಶಾನೆಗೆ ಹಾಯಿತೋ ಇಲ್ಲವೋ ಅಷ್ಟೇ.

ಸ್ಥಾನದ ವಿಷಯ. ಹೋದ ವರ್ಷ 40 ಜನರಲ್ಲಿ 9, ಈ ವರ್ಷ 92 ಜನರಲ್ಲಿ 14. ಶೇಕಡಾ ಲೆಕ್ಕದಲ್ಲಿ ಇದೂ ಮೇಲೆಯೇ. ಆದರೆ ಹಿಂದಿನ ಸಾಲಿನಲ್ಲಿ ಹಾಜರಿಗೆಂದು ಬಂದವರು ಎಷ್ಟು ಎಂದು ತಿಳಿಯದೆ ಶೇಕಡಾವನ್ನು ನಾನು ನೆಚ್ಚುವುದಿಲ್ಲ.

ತಂಡದ ಅಂಕ ನೋಡಿ, ಅದು ಬೇರೆ ಕಥೆ. ವಿಶ್ವ ಚಾಂಪಿಯನ್‌ಷಿಪ್‌ನ ಹಾಗೆಯೇ ಇಲ್ಲೂ ತಂಡದ ಮೊದಲ ನಾಲ್ವರ ಸ್ಥಾನ ಕೂಡಿಸುತ್ತಾರೆ, ಮೊತ್ತ ಕಡಿಮೆ ಬಂದವರು ಗೆದ್ದರು. ನಿಮ್ಮ ಮಗಳ ಕಾಲೇಜಿನದ್ದು 3, 6, 14, 18, ಒಟ್ಟು 41. ಎರಡನೆಯವರದ್ದು 45. ಎರಡನೇ ಸುತ್ತು ಮುಗಿದಾಗ ಅವಳು 21ನೆಯವಳಾಗಿದ್ದಳು. ಅಲ್ಲೇ ಉಳಿದಿದ್ದರೆ, 18ನೆಯವಳು 17ಕ್ಕೆ ಏರಿದರೂ ಮೊತ್ತ 47, ಕಪ್ ಬೇರೆಯವರ ಕಪಾಟಿಗೆ. ಕೊನೆಯ ಸುತ್ತಿನಲ್ಲಿ ಏಳು ಜನರನ್ನು ದಾಟಿದ್ದಕ್ಕೆ ಬಂದ ಫಲ ಇದು, ಪದಕ ಅವಳ ಕೊರಳಿಗೆ ಬೀಳಲಿಲ್ಲ ನಿಜ.

ಇಷ್ಟು ಹೊಗಳಿದ ಮೇಲೆ ಒಂದು ತಕರಾರೂ ಇದೆ, ಅದನ್ನು ವರದಿಯಲ್ಲಿ ಬರೆಯಬೇಕಿತ್ತು. ಮೊದಲ ಸುತ್ತಿನ ಕೊನೆಗೆ ಅವಳು 33ನೆಯವಳು. ಅಲ್ಲಿಂದ 14ಕ್ಕೆ ಬಂದದ್ದನ್ನು ಓದಲು ಚೆಂದ, ಹಿಂದಿನಿಂದ ಬಂದು ಹಿಡಿಯುವವರನ್ನು ನಾವು ಪತ್ರಿಕೆಯವರು ವಿಪರೀತ ಹೊಗಳುತ್ತೇವೆ. ಆದರೆ ಹೊರಟು 200 ಮೀಟರಿಗೇ ದಾರಿ ಗೇರು ತೋಟದ ಕಾಲುದಾರಿಯಾಗಿ ಸಪೂರವಾಗುತ್ತದೆ. ಅಲ್ಲಿ ಹಿಂದೆ ಸಿಕ್ಕಿಬಿದ್ದವರು ಮುಂದಿನವರ ಬೆನ್ನು ನೋಡಿಕೊಂಡು ನಡೆಯಬೇಕಾಯಿತು. ಮೊದಲ 200 ಮೀಟರನ್ನು ಇನ್ನಷ್ಟು ಜೋರಾಗಿ ಓಡಿದ್ದರೆ ಹತ್ತರೊಳಗೆ ಬರುತ್ತಿದ್ದಳು ಎಂಬುದು ನನ್ನ ಅಭಿಪ್ರಾಯ. ಅತಿಯಾಗಬಾರದು ಅನ್ನುವುದೂ ಅಷ್ಟೇ ನಿಜ. 2017ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಕಂಪಾಲಾದಲ್ಲಿ, ತನ್ನದೇ ನೆಲದಲ್ಲಿ, ಉಗಾಂಡದ ಜೋಶುವಾ ಚೆಪ್ಟಗೈ ಎಲ್ಲರನ್ನೂ ಬಿಟ್ಟು ಮುಂದೆ ಹೋದವರು ಕೊನೆಯ ಸುತ್ತಿನಲ್ಲಿ ಕಾಲು ಸೋತು 30ನೆಯವರಾದರು. ಎರಡು ವರ್ಷದ ನಂತರ ಆ ಆರ್ಹುಸ್‌ನ ಮಾಡಿನ ಓಟ ಗೆದ್ದವರೂ ಅವರೇ. ಕಂಪಾಲಾದ ಫಲಿತಾಂಶದ ಹಾಳೆ ಮಾತ್ರ ನೋಡಿದವರಿಗೆ ಈ ಗೆಲುವಿನ ಸುಳಿವೇ ಸಿಗುತ್ತಿರಲಿಲ್ಲ.

ಇನ್ನು ವಾಚು. ಕೊಡಿಸಿ, ರಸ್ತೆಯ ಅಭ್ಯಾಸಕ್ಕೆ ಆದೀತು. ದಟ್ಟ ಮರಗಳ ಕೆಳಗೆ ಅದು ತೋರಿಸುವ ಕಿಲೋಮೀಟರನ್ನು ಪೂರ್ತಿ ನಂಬಬೇಡಿ. ನನ್ನನ್ನು ಕೇಳಿದರೆ ಆ ದುಡ್ಡಿಗೆ ಮೊದಲು ಮುಳ್ಳಿನ ಶೂ, ಅಂದರೆ ಸ್ಪೈಕ್ಸ್. ನಮ್ಮ ವರದಿಗಾರ ತೆಗೆದ ಒಂದು ಫೋಟೋ ಇದೆ, ಅಚ್ಚಾಗಲಿಲ್ಲ, ಇದರ ಜೊತೆ ಕಳಿಸುತ್ತಿದ್ದೇನೆ. ಇಳಿಜಾರಿನ ನಡುವೆ ಅವಳ ಎಡಗಾಲು ಎತ್ತಿದೆ, ಶೂವಿನ ಅಡಿ ಕಾಣುತ್ತದೆ. ಅಂಗೈಯಷ್ಟು ನುಣುಪು.