ಅಮೆರಿಕದ ಹೈಸ್ಕೂಲಿನ ಇತಿಹಾಸ ಕ್ಲಾಸು: ಆ ನಿಯಮಗಳ ಹಾಳೆಯಲ್ಲಿ ನಿಜವಾಗಿ ಮುಖ್ಯವಾದದ್ದು ಯಾವುದು?

ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದು ಮೂರು ವಾರ ಆಗಿದೆ, ಮಗಳು 11ನೇ ಕ್ಲಾಸಿಗೆ ಸೇರಿದ್ದಾಳೆ, ಅಮೆರಿಕದ ಇತಿಹಾಸದ ಟೀಚರ್ ನಾಲ್ಕು ಪುಟದ ಸಿಲಬಸ್ ಹಾಳೆ ಕೊಟ್ಟು ಸಹಿ ಕೇಳಿದ್ದಾರೆ, ಇದರಲ್ಲಿ ಯಾವುದನ್ನು ಗಂಭೀರವಾಗಿ ತಗೋಬೇಕು ಅಂತ ಕೇಳಿದ್ದೀರಿ. ನಾನು ಇದೇ ರಾಜ್ಯದ ಒಂದು ಪಬ್ಲಿಕ್ (ಅಂದರೆ ಸರಕಾರಿ) ಹೈಸ್ಕೂಲಿನಲ್ಲಿ ಇದೇ ಪಾಠ ಮಾಡುತ್ತೇನೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಇಂಥದೇ ಹಾಳೆ ನಾನೂ ಹಂಚುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಓದಿದ್ದು ಶಿವಮೊಗ್ಗದಲ್ಲಿ. ಹಾಗಾಗಿ ಅಲ್ಲಿಂದ ಬಂದ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತು.

ಹಾಳೆಯಲ್ಲಿ 'ಅಕಾಡೆಮಿಕ್ ಇಂಟೆಗ್ರಿಟಿ' (ಓದು-ಬರಹದಲ್ಲಿ ಪ್ರಾಮಾಣಿಕತೆ) ಅನ್ನುವ ಭಾಗ ಇರುತ್ತದೆ. ಮೊದಲು ಅದನ್ನೇ ಓದಿ, ಮಗಳ ಜೊತೆ ಕೂತು ಓದಿ. ಬೇರೆಯವರ ಮಾತನ್ನು ತನ್ನದು ಅಂತ ಬರೆದರೆ ಸೊನ್ನೆ ಅಂತ ಅದರಲ್ಲಿ ಇರುತ್ತದೆ. ನಮ್ಮ ಮಕ್ಕಳು 'ನಾನೇನು ಕಾಪಿ ಹೊಡೆಯಲ್ಲವಲ್ಲ' ಅಂದುಕೊಂಡು ಮುಂದೆ ಹೋಗುತ್ತಾರೆ. ಕಷ್ಟ ಅಲ್ಲೇ ಶುರುವಾಗುವುದು.

ಕೆಲವು ವರ್ಷದ ಹಿಂದೆ ಭಾರತದಿಂದ ಬಂದ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದ. ಅಮೆರಿಕದ ದಕ್ಷಿಣದ ರಾಜ್ಯಗಳು ಬಂಡೆದ್ದ ಅಂತರ್ಯುದ್ಧದ ನಂತರದ ಕಾಲದ ಬಗ್ಗೆ ಟೆಸ್ಟ್ ಕೊಟ್ಟಿದ್ದೆ. ಅವನ ಉತ್ತರದಲ್ಲಿ ಎರಡು ಪ್ಯಾರಾ ಪಠ್ಯಪುಸ್ತಕದ್ದೇ, ಒಂದು ಪದವೂ ಬದಲಾಗಿರಲಿಲ್ಲ. ನಿಯಮದ ಪ್ರಕಾರ ಸೊನ್ನೆ ಹಾಕಿದೆ. ಮರುದಿನ ಬಂದು ಅತ್ತುಬಿಟ್ಟ. 'ಮೇಡಂ, ನಾನು ಕದ್ದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಕೂತು ಬಾಯಿಪಾಠ ಮಾಡಿದ್ದೆ' ಅಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಪುಸ್ತಕದಲ್ಲಿ ಇದ್ದ ಹಾಗೆ ಬರೆದರೆ ಪೂರ್ತಿ ಮಾರ್ಕ್ಸ್ ಅಂತ ನಾವೇ ಹತ್ತು ವರ್ಷ ಕಲಿಸಿ ಕಳಿಸಿರುತ್ತೇವೆ. ಅವನಿಗೆ ಮತ್ತೆ ಬರೆಯಲು ಅವಕಾಶ ಕೊಟ್ಟೆ. ಅವತ್ತಿನಿಂದ ವರ್ಷದ ಮೊದಲ ವಾರ ಒಂದು ಪೂರ್ತಿ ಪೀರಿಯಡ್ ಇದಕ್ಕೇ ಇಡುತ್ತೇನೆ. ನಿಮ್ಮ ಮಗಳ ಟೀಚರ್ ಹಾಗೆ ಮಾಡದೇ ಇರಬಹುದು. ಅದಕ್ಕೆ ನೀವೇ ಹೇಳಿಕೊಡಿ: ಪುಸ್ತಕದ ಮಾತು ಬೇಕಾದರೆ ಉದ್ಧರಣ ಚಿಹ್ನೆ ಹಾಕಿ ಎಲ್ಲಿಂದ ತಗೊಂಡಿದ್ದು ಅಂತ ಬರೆಯಬೇಕು. ಉಳಿದದ್ದು ಅವಳದೇ ಮಾತಿನಲ್ಲಿ ಇರಬೇಕು, ಇಂಗ್ಲಿಷ್ ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ. ಚಾಟ್‌ಜಿಪಿಟಿ ಬಳಸುವ ವಿಷಯದಲ್ಲಿ ಒಬ್ಬೊಬ್ಬ ಟೀಚರದು ಒಂದೊಂದು ನಿಯಮ. ಊಹೆ ಮಾಡಬೇಡಿ, ಕೇಳಿಬಿಡಿ.

ಬಾಯಿಪಾಠ ಬೇಡ ಅಂದರೆ ಇನ್ನೇನು ಬೇಕು? ಒಂದು ಉದಾಹರಣೆ ಹೇಳುತ್ತೇನೆ. ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ್ದು 1863ರ ಜನವರಿ 1ರಂದು. ನಾನು ಆ ತಾರೀಖು ಕೇಳುವುದಿಲ್ಲ. ಘೋಷಣೆಯನ್ನೇ ಮಕ್ಕಳ ಕೈಗೆ ಕೊಟ್ಟು, 'ಇದು ಯಾರನ್ನು ಬಿಡಿಸಿತು, ಯಾರನ್ನು ಬಿಟ್ಟುಬಿಟ್ಟಿತು?' ಅಂತ ಕೇಳುತ್ತೇನೆ. ಗಮನವಿಟ್ಟು ಓದಿದವರಿಗೆ ಕಾಣುತ್ತದೆ, ಅದು ಬಂಡೆದ್ದ ರಾಜ್ಯಗಳಿಗೆ ಮಾತ್ರ. ಬಂಡೇಳದೆ ಲಿಂಕನ್ ಸರಕಾರದ ಕಡೆಗೇ ಉಳಿದಿದ್ದ ಕೆಂಟಕಿ, ಮೇರಿಲ್ಯಾಂಡ್, ಮಿಸೌರಿ, ಡೆಲವೇರ್‌ಗಳ ಗುಲಾಮರು ಅದರಲ್ಲಿ ಇಲ್ಲ. ಇಡೀ ದೇಶದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಗಿದ್ದು 1865ರ ಸಂವಿಧಾನದ 13ನೇ ತಿದ್ದುಪಡಿಯಿಂದ. ಲಿಂಕನ್ ಯಾಕೆ ಹಾಗೆ ಮಾಡಿರಬಹುದು? ಇಲ್ಲಿ ಮಗು ಒಂದು ನಿಲುವು ತಗೋಬೇಕು, ಆ ಕಾಗದದಿಂದಲೇ ಎರಡು ಸಾಲು ಸಾಕ್ಷಿ ತೋರಿಸಬೇಕು. ನನ್ನ ಅಭಿಪ್ರಾಯಕ್ಕೆ ಉಲ್ಟಾ ಬರೆದರೂ ಸಾಕ್ಷಿ ಗಟ್ಟಿ ಇದ್ದರೆ ಪೂರ್ತಿ ಅಂಕ.

ಅವಳದು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ) ಕ್ಲಾಸ್ ಆದರೆ ಇದೇ ಕೆಲಸ ಗಡಿಯಾರ ನೋಡಿಕೊಂಡು ಮಾಡಬೇಕು. ಮೇ ತಿಂಗಳ ಪರೀಕ್ಷೆ 3 ಗಂಟೆ 15 ನಿಮಿಷ. ಅದರಲ್ಲಿ 7 ದಾಖಲೆ ಕೊಟ್ಟು ಬರೆಸುವ ಒಂದು ಪ್ರಬಂಧಕ್ಕೇ ಶೇ. 25 ಅಂಕ. ರೆಗ್ಯುಲರ್ ಕ್ಲಾಸ್ ಆದರೆ, ನ್ಯೂಯಾರ್ಕ್‌ನಲ್ಲಿ ರೀಜೆಂಟ್ಸ್ ಇರುವ ಹಾಗೆ ಇತಿಹಾಸಕ್ಕೆ ನಮ್ಮಲ್ಲಿ ರಾಜ್ಯದ ಪರೀಕ್ಷೆ ಇಲ್ಲ. ಕೊನೆಗೆ ಒಂದು ತಿಂಗಳು ಉರು ಹೊಡೆದು ಸರಿಮಾಡಿಕೊಳ್ಳುವ ದಾರಿಯೇ ಇಲ್ಲ. ವಾರವಾರದ ಕೆಲಸವೇ ಗ್ರೇಡ್. ತಡವಾಗಿ ಕೊಟ್ಟರೆ ಅಂಕ ಕಡಿಮೆ ಆಗುತ್ತದೆ, ಎಷ್ಟು ಅನ್ನುವುದು ಆ ಹಾಳೆಯಲ್ಲೇ ಇರುತ್ತದೆ.

ರಜೆಯ ಬಗ್ಗೆ ಒಂದು ಮಾತು. ನ್ಯೂಜೆರ್ಸಿಯಲ್ಲಿ ಧಾರ್ಮಿಕ ಹಬ್ಬಗಳ ಸರಕಾರಿ ಪಟ್ಟಿ ಇದೆ, ದೀಪಾವಳಿ ಅದರಲ್ಲಿದೆ. ನೀವು ಸಹಿ ಮಾಡಿದ ಚೀಟಿ ಕಳಿಸಿದರೆ ಅವತ್ತಿನ ಟೆಸ್ಟನ್ನು ಬೇರೆ ದಿನ ಬರೆಯಬಹುದು. ಆದರೆ ಊರಲ್ಲಿ ಮದುವೆ ಅಂತ ಡಿಸೆಂಬರ್‌ನಲ್ಲಿ ಮೂರು ವಾರ ಕರೆದುಕೊಂಡು ಹೋಗುವುದು ಬೇರೆ ಲೆಕ್ಕ. ಅದಕ್ಕೆ ವಿನಾಯಿತಿ ಸಿಗುವುದು ಕಷ್ಟ.

'ಪಾರ್ಟಿಸಿಪೇಷನ್' ಅಂತ ಇದ್ದರೆ ಅದು ಬರೀ ಹಾಜರಿ ಅಲ್ಲ, ಮಾತಾಡುವುದು. ನಮ್ಮ ಮಕ್ಕಳು ಮರ್ಯಾದೆ ಅಂದುಕೊಂಡು ಸುಮ್ಮನೆ ಕೂರುತ್ತಾರೆ. ಜೊತೆಗೆ, 'ಇದು ನಮ್ಮ ದೇಶದ ಕಥೆ ಅಲ್ಲವಲ್ಲ' ಅನ್ನುವ ಸಂಕೋಚ. ಮಗಳಿಗೆ ಭಗತ್ ಸಿಂಗ್ ಥಿಂಡ್ ಕಥೆ ಹೇಳಿ. ಪಂಜಾಬಿನಿಂದ ಬಂದು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದವರು. 1923ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು 'ಬಿಳಿಯರಲ್ಲ' ಅಂತ ಹೇಳಿ ಪೌರತ್ವ ಸಲ್ಲದು ಅಂದಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದಿದ್ದು 1946ರಲ್ಲಿ. ವಲಸೆಗೆ ಇದ್ದ ದೇಶವಾರು ಹಳೆಯ ಕೋಟಾ ತೆಗೆದುಹಾಕಿದ 1965ರ ಕಾನೂನು ಕಪ್ಪು ಜನರ ಹಕ್ಕಿನ ಹೋರಾಟದ ಕಾಲದಲ್ಲೇ ಬಂತು. ನಮ್ಮಂಥವರು ಇಷ್ಟು ಜನ ಇಲ್ಲಿ ಬಂದು ನೆಲೆಸಲು ಆಗಿದ್ದು ಆಮೇಲೆ. ಇದನ್ನು ಹೇಳುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತದೆ.

ಬೆಳಿಗ್ಗೆ ಧ್ವಜದ ಪ್ರತಿಜ್ಞೆ ಹೇಳುವಾಗ ಅವಳೂ ಹೇಳಲೇಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಬಲವಂತ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1943ರಲ್ಲೇ ತೀರ್ಪು ಕೊಟ್ಟಿದೆ. ಗಲಾಟೆ ಮಾಡದೆ ಇದ್ದರೆ ಸಾಕು.

ಸಹಿ ಹಾಕಿ ಕಳಿಸಿ. ಆದರೆ ಅರ್ಥ ಆಗದ ಸಾಲುಗಳಿಗೆ ಗುರುತು ಹಾಕಿಸಿ, ಟೀಚರ್‌ಗೆ ಮೇಲ್ ಬರೆಯಲು ಮಗಳಿಗೇ ಹೇಳಿ. ಅವಳ ಪರವಾಗಿ ನೀವು ಬರೆಯಬೇಡಿ. 'ನಾನು ಭಾರತದಿಂದ ಹೊಸದಾಗಿ ಬಂದಿದ್ದೇನೆ, ಇಂಥ ಪ್ರಬಂಧ ಯಾವತ್ತೂ ಬರೆದಿಲ್ಲ, ಒಂದು ಮಾದರಿ ತೋರಿಸುತ್ತೀರಾ?' ಅಂತ ಎರಡು ಸಾಲು ಸಾಕು. ಅಂಥ ಮೇಲ್ ಬಂದರೆ ನಾನಂತೂ ಅವತ್ತೇ ಉತ್ತರ ಬರೆಯುತ್ತೇನೆ.