ಚಹಾದ ಹೊತ್ತಿನ ಮಾತು

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಚಹಾದ ಹೊತ್ತಿಗೆ ನಾವು ಹೆಂಗಸರು ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು ಎಂದು ಕಷ್ಟಸುಖ ಹೇಳಿಕೊಳ್ಳುತ್ತೇವೆ. ಗಂಡಸರು ಅಡಿಕೆ ಧಾರಣೆ ಮಾತನಾಡುತ್ತ ಪರಸ್ಪರ ಕೆಣಕಿ ನಗುತ್ತಾರೆ. ಮೊನ್ನೆ ಬಸ್ಸು ತಪ್ಪಿದ್ದನ್ನು ಬೇಸರದಿಂದ ಹೇಳಿದಾಗ ಒಬ್ಬರು ‘ಹತ್ತು ನಿಮಿಷ ಮೊದಲೇ ಹೊರಡಿ’ ಎಂದರು. ಅದುವರೆಗೆ ಮಲಯಾಳದಲ್ಲಿ ಮಾತನಾಡುತ್ತಿದ್ದ ಇನ್ನೊಬ್ಬರು ತುಳುವಿಗೆ ತಿರುಗಿ, ಮೇಡಂಗೆ ಸಂಘದಿಂದ ಜೀಪು ಕೊಡಿಸೋಣ ಎಂದು ನಗಾಡಿದರು. ಇದು ತಾತ್ಸಾರವಲ್ಲವೇ?
– ಓದುಗಿ, ಬದಿಯಡ್ಕ

ಉತ್ತರ: ‘ಊಟ ಆಯಿತೇ’ ಎಂದು ಕೇಳುವವರು ಬಡಿಸಲು ಬಂದವರಲ್ಲವೆಂಬುದು ನಮಗೆಲ್ಲ ಗೊತ್ತು. ಸುದ್ದಿ ತಿಳಿಸುವುದಕ್ಕಿಂತ ನಂಟು ಬೆಸೆಯುವುದೇ ಇಂಥ ಮಾತಿನ ಕೆಲಸವೆಂದು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಬರೆದಿದ್ದರು. ನಂಟು ಬೆಸೆಯುವ ಬಗೆ ಮಾತ್ರ ಎಲ್ಲರದೂ ಒಂದೇ ಅಲ್ಲ. ಹೆಂಗಸರು ಸಾಮಾನ್ಯವಾಗಿ ಒಬ್ಬರ ಕಷ್ಟಕ್ಕೆ ತಮ್ಮದೊಂದು ಕಷ್ಟವನ್ನು ಜೋಡಿಸಿ ಹತ್ತಿರವಾಗುತ್ತಾರೆಂದೂ, ಗಂಡಸರು ಅದನ್ನೇ ಪರಿಹಾರದ ಬೇಡಿಕೆಯೆಂದು ತಿಳಿದು ಸಲಹೆ ಕೊಡಲು ಹೊರಡುತ್ತಾರೆಂದೂ, ಅವರ ನಡುವೆ ಹುಸಿಜಗಳವೂ ಸ್ನೇಹದ ಒಂದು ರೀತಿಯೆಂದೂ ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಟ್ಯಾನನ್ 1990ರ ದಶಕದಲ್ಲಿ ವಿವರಿಸಿದರು. ‘ಮೊದಲೇ ಹೊರಡಿ’ ಎಂದವರು ಬಹುಶಃ ತಮ್ಮ ಲೆಕ್ಕದಲ್ಲಿ ಉಪಕಾರವನ್ನೇ ಮಾಡಿದ್ದಾರೆ.

ಆದರೂ ಈ ವಿಭಜನೆಯನ್ನು ನಾನು ಪೂರ್ತಿ ಒಪ್ಪುವವನಲ್ಲ. ಮಳೆಗಾಲದಲ್ಲಿ ಅದೇ ಗಂಡಸರ ಮಾತನ್ನು ಕೇಳಿ ನೋಡಿ: ಒಬ್ಬರು ತೋಟಕ್ಕೆ ಕೊಳೆರೋಗ ಬಂತು ಎಂದರೆ, ಇನ್ನೊಬ್ಬರು ಮದ್ದು ಬಿಡಲು ಜನವೇ ಸಿಗಲಿಲ್ಲ ಎನ್ನುತ್ತಾರೆ, ಯಾರೂ ಯಾರಿಗೂ ಪರಿಹಾರ ಹೇಳುವುದಿಲ್ಲ. ಅದು ನಿಮ್ಮ ಮಂಡಿನೋವಿನ ಮಾತಿನದೇ ಜಾತಿ.

ಜೀಪಿನ ಮಾತಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಭಾಷೆ. ದೂರವಿಡಬೇಕೆಂದಿದ್ದರೆ ಅವರು ಮಲಯಾಳದಲ್ಲೇ ನಕ್ಕು ಸುಮ್ಮನಾಗಬಹುದಿತ್ತು. ತುಳುವಿಗೆ ತಿರುಗಿದ್ದು ನಿಮಗೂ ಕೂಟದಲ್ಲಿ ಜಾಗ ಮಾಡಿಕೊಟ್ಟಂತೆ. ಮಾತು ಉಡುಪು, ಮೈಕಟ್ಟುಗಳ ಕಡೆಗೆ ಹೊರಳಿದರೆ ಅಥವಾ ನಿಮಗೆ ತಿರುಗಿ ಹೇಳುವ ಅವಕಾಶವೇ ಇಲ್ಲದಿದ್ದರೆ ಮಾತ್ರ ವಿಷಯ ಬೇರೆ. ಆಗ ನಗದೆ ನೇರವಾಗಿ ತಡೆಯಿರಿ. ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸದ್ಯಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಮತ್ತೊಮ್ಮೆ ಜೀಪಿನ ಮಾತು ಬಂದರೆ, ಜೀಪು ಬರಲಿ, ಡೀಸೆಲ್ ಮಾತ್ರ ನಿಮ್ಮ ಅಡಿಕೆಯ ದುಡ್ಡಿನಿಂದಲೇ ಎಂದು ತುಳುವಿನಲ್ಲೇ ಹೇಳಿ ನೋಡಿ.