ನಷ್ಟವಾದ ಮೇಲೂ ಪರಿಹಾರ ಯಾಕೆ ಸಿಗುವುದಿಲ್ಲ?

ಪ್ರತಿಸ್ಪರ್ಧಿ ಬಂದು ನಿಮ್ಮ ವ್ಯಾಪಾರ ಅರ್ಧಕ್ಕಿಳಿದಿದೆ, ಇಷ್ಟು ನಷ್ಟವಾದರೂ ಟಾರ್ಟ್ ಕಾನೂನಿನಲ್ಲಿ (ಒಬ್ಬರು ಇನ್ನೊಬ್ಬರಿಗೆ ಮಾಡಿದ ಸಿವಿಲ್ ತಪ್ಪಿಗೆ ಪರಿಹಾರ ಕೊಡಿಸುವ ಕಾನೂನು) ಪರಿಹಾರವಿಲ್ಲ ಅಂದರೆ ಹೇಗೆ ಎಂದು ಕೇಳಿದ್ದೀರಿ. ಕಾನೂನು ಓದುವಾಗ ನನ್ನನ್ನೂ ಬಹಳ ದಿನ ಕಾಡಿದ ಪ್ರಶ್ನೆ ಇದು.

ನಿಮಗೆಷ್ಟು ನಷ್ಟವಾಯಿತು ಎನ್ನುವ ಮೊದಲು, ನಿಮ್ಮ ಯಾವ ಹಕ್ಕಿಗೆ ಧಕ್ಕೆ ಬಂತು ಎಂದು ಕೋರ್ಟು ಕೇಳುತ್ತದೆ. ಗಿರಾಕಿ ನಿಮ್ಮಲ್ಲಿಗೇ ಬರಬೇಕು ಎಂಬ ಹಕ್ಕು ಯಾರಿಗೂ ಇಲ್ಲವಲ್ಲ. 1410ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಹೊಸ ಶಾಲೆ ತೆರೆದದ್ದರಿಂದ ಹಳೆಯ ಶಾಲೆಯ ಮೇಷ್ಟ್ರುಗಳು ಶುಲ್ಕ ಇಳಿಸಬೇಕಾಯಿತು. ಅವರಿಗೂ ಪರಿಹಾರ ಸಿಗಲಿಲ್ಲ.

ನನಗೆ ಇಂದಿಗೂ ನುಂಗಲಾಗದ್ದು ಇಂಗ್ಲೆಂಡಿನದೇ ಆದ 1895ರ ಬ್ರಾಡ್‌ಫರ್ಡ್ ಪ್ರಕರಣ. ಆ ಊರಿಗೆ ನೀರು ಕೊಡುವ ಬುಗ್ಗೆಗಳಿಗೆ ಪಿಕಲ್ಸ್ ಎಂಬಾತನ ಜಮೀನಿನ ಒಳಗಿಂದ ನೀರು ಜಿನುಗಿ ಬರುತ್ತಿತ್ತು. ಆತ ತನ್ನ ಜಮೀನು ಅಗೆದು ಆ ನೀರನ್ನು ತಿರುಗಿಸಲು ಹೊರಟ. ಆ ಜಮೀನನ್ನೋ ನೀರನ್ನೋ ಒಳ್ಳೆಯ ಬೆಲೆಗೆ ನಗರಸಭೆ ತನ್ನಿಂದ ಕೊಳ್ಳಲಿ ಎಂಬುದೇ ಅವನ ಲೆಕ್ಕಾಚಾರ ಎಂದು ನಗರಸಭೆ ವಾದಿಸಿತು. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಪಿಕಲ್ಸ್‌ನ ಪರ ನಿಂತಿತು: ಕೆಲಸ ಕಾನೂನುಬದ್ಧವಾದರೆ ಉದ್ದೇಶ ಕೆಟ್ಟದಾದ ಮಾತ್ರಕ್ಕೆ ಅದು ತಪ್ಪಾಗದು. ತರ್ಕ ಅರ್ಥವಾಗುತ್ತದೆ, ಎಲ್ಲರ ಮನಸ್ಸಿನೊಳಗಿನ ದ್ವೇಷ ಅಳೆಯಲು ಹೊರಟರೆ ಕೋರ್ಟಿಗೆ ಕೊನೆಯಿಲ್ಲ. ಆದರೂ ಊರಿನ ನೀರಿನ ವಿಷಯದಲ್ಲಿ ಇದು ತೀರಾ ಕಠಿಣವಾಯಿತೆಂದೇ ನನಗನಿಸುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. 1703ರ ಆಶ್ಬಿ ಪ್ರಕರಣದಲ್ಲಿ ಚುನಾವಣಾ ಅಧಿಕಾರಿ ಆಶ್ಬಿ ಎಂಬ ಮತದಾರನಿಗೆ ಮತ ಹಾಕಲು ಬಿಡಲಿಲ್ಲ. ಅವನ ಮೆಚ್ಚಿನ ಅಭ್ಯರ್ಥಿಯೇನೋ ಗೆದ್ದ, ಒಂದು ಕಾಸೂ ನಷ್ಟವಿಲ್ಲ. ಆದರೆ ಮತದ ಹಕ್ಕು ಮುರಿದದ್ದೇ ಹಾನಿ ಎಂದು ಮುಖ್ಯ ನ್ಯಾಯಮೂರ್ತಿ ಹೋಲ್ಟ್, ಉಳಿದ ನ್ಯಾಯಮೂರ್ತಿಗಳು ಒಪ್ಪದಿದ್ದರೂ, ಒಬ್ಬರೇ ಭಿನ್ನಮತ ಬರೆದರು. ಕೊನೆಗೆ ಹೌಸ್ ಆಫ್ ಲಾರ್ಡ್ಸ್ ಅವರ ಮಾತನ್ನೇ ಎತ್ತಿಹಿಡಿಯಿತು. ಜಮೀನಿನಲ್ಲಿ ಅತಿಕ್ರಮಣವೂ ಹೀಗೆಯೇ, ಹುಲ್ಲು ಕೂಡ ಬಾಗದಿದ್ದರೂ ಮೊಕದ್ದಮೆ ಹೂಡಬಹುದು.

ನಿರ್ಲಕ್ಷ್ಯದ ಪ್ರಕರಣಗಳು ಮಾತ್ರ ಬೇರೆ. ಅಲ್ಲಿ ಎಚ್ಚರಿಕೆಯ ಕರ್ತವ್ಯ, ಅದರ ಉಲ್ಲಂಘನೆ, ಅದರಿಂದಾದ ಹಾನಿ ಮೂರೂ ಬೇಕು. ಯದ್ವಾತದ್ವಾ ಗಾಡಿ ಓಡಿಸಿದವನು ಯಾರಿಗೂ ಗುದ್ದದಿದ್ದರೆ ದಂಡ ಬಿದ್ದೀತು, ಟಾರ್ಟ್ ಹುಟ್ಟುವುದಿಲ್ಲ.

ಹಾಗಾಗಿ ನಷ್ಟದ ಲೆಕ್ಕಪುಸ್ತಕ ಸದ್ಯಕ್ಕೆ ಪಕ್ಕಕ್ಕಿಡಿ. ಆ ಪ್ರತಿಸ್ಪರ್ಧಿ ನಿಮ್ಮ ಹೆಸರು, ಗುರುತನ್ನು ತನ್ನದೆಂಬಂತೆ ಬಳಸಿದನೇ? ನಿಮ್ಮ ಸರಕಿನ ಬಗ್ಗೆ ದುರುದ್ದೇಶದಿಂದ ಸುಳ್ಳು ಹಬ್ಬಿಸಿದನೇ? ಒಪ್ಪಂದವಿದ್ದ ಗಿರಾಕಿಯನ್ನು ಒಪ್ಪಂದ ಮುರಿಯಲು ಬೇಕೆಂದೇ ಪ್ರೇರೇಪಿಸಿದನೇ? ಇವುಗಳಲ್ಲಿ ಒಂದಕ್ಕಾದರೂ ಸಾಕ್ಷ್ಯವಿದ್ದರೆ ಅದನ್ನು ಹಿಡಿದು ವಕೀಲರನ್ನು ನೋಡಿ.